ಎರಡು ಬಟ್ಟಲು ಶೀರ್ ಖುರ್ಮಾ

"ಅತ್ತೆ, ಶೀರ್ ಖುರ್ಮಾಕ್ಕೆ ಸಕ್ಕರೆ ಯಾವ ಡಬ್ಬಿಯಿಂದ ಹಾಕಿದ್ರಿ?"

ಕೆಲಸದಿಂದ ಬಂದು ನೇರ ಅಡುಗೆಮನೆಗೆ ಹೋದ ಸೊಸೆ ಅಲ್ಲೇ ನಿಂತುಬಿಟ್ಟಿದ್ದಳು. ಒಲೆಯ ಪಕ್ಕ ನೀಲಿ ಮುಚ್ಚಳದ ಡಬ್ಬಿ ಬಾಯಿ ತೆರೆದುಕೊಂಡು ಕೂತಿತ್ತು. ಒಳಗೊಂದು ಚಮಚ.

"ಅದೇ, ನೀಲಿ ಮುಚ್ಚಳದ್ದು." ಅತ್ತೆ ಹೊರಗಿನ ಕೋಣೆಯಲ್ಲಿ ಖರ್ಜೂರದ ಬೀಜ ತೆಗೆಯುತ್ತಿದ್ದರು. "ಅದನ್ನ ಸಿಂಕಿನ ಕೆಳಗೆ ಯಾಕಮ್ಮ ಇಟ್ಟಿದ್ದೆ, ಇರುವೆ ಕಾಟ ಅಂತಾನಾ? ಪುಡಿ ಸಕ್ಕರೆ ತಂದಿದ್ದು ಒಳ್ಳೇದಾಯ್ತು. ಹಾಕ್ತಿದ್ದ ಹಾಗೇ ಕರಗಿಹೋಯ್ತು."

ಅದು ಸಕ್ಕರೆಯಲ್ಲ, ಜಿರಳೆ ಕೊಲ್ಲುವ ಪುಡಿ. ಹೋದ ವಾರ ಪೊಟ್ಟಣ ಹರಿದಿದ್ದರಿಂದ ಸೊಸೆಯೇ ಅದನ್ನು ಹಳೆಯ ಸಕ್ಕರೆ ಡಬ್ಬಿಗೆ ಸುರಿದಿದ್ದಳು. ಮೇಲೊಂದು ಚೀಟಿ ಅಂಟಿಸಬೇಕು ಅಂದುಕೊಂಡಿದ್ದಳು. ಅಷ್ಟರಲ್ಲಿ ಯಾರದೋ ಫೋನ್ ಬಂತು, ಚೀಟಿ ಮರೆತೇ ಹೋಯಿತು. ಅತ್ತೆಯ ಕಣ್ಣಿಗೆ ಪೊರೆ ಬಂದಿತ್ತು. ರಂಜಾನ್ ಉಪವಾಸವಾದ್ದರಿಂದ ಮಾಡಿದವರೂ ಒಂದು ತೊಟ್ಟು ನಾಲಿಗೆಗೆ ತಾಗಿಸಿ ನೋಡಿರಲಿಲ್ಲ. ಪಾತ್ರೆಯಲ್ಲಿ ಹಾಲು ಕೆನೆಗಟ್ಟಿ, ತುಪ್ಪದಲ್ಲಿ ಹುರಿದ ಶಾವಿಗೆ ಘಮಘಮ ಅನ್ನುತ್ತಿತ್ತು.

"ಯಾರಿಗಾದ್ರೂ ಕೊಟ್ರಾ?"

"ಕೊಡದೆ ಇರ್ತೀನಾ? ಕೆಳಗೆ ಟೈಲರ್‌ಗೊಂದು ಬಟ್ಟಲು, ಮೇಲೆ ಡ್ರೈವರ್ ಮನೆಗೊಂದು. ಯಾಕೆ, ಏನಾಯ್ತು?"

"ಇದನ್ನ ಮುಟ್ಟಬೇಡಿ ಅತ್ತೆ. ಬಂದೆ."

ಸೂರ್ಯ ಮುಳುಗಲು ಇನ್ನು ಹದಿನೈದು ನಿಮಿಷವಿತ್ತು. ಕಾಲು ತಾನಾಗಿಯೇ ಕೆಳಕ್ಕೆ ಓಡಿತು. ಟೈಲರ್ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ, ನೀರಿನ ಲೋಟ ತುಂಬಿಸಿಟ್ಟುಕೊಂಡು ಕೂತಿದ್ದ. ಬಟ್ಟಲು ಮುಚ್ಚಿದಂತೆಯೇ ಇತ್ತು.

"ಹಾಲು ಒಡೆದುಹೋಗಿದೆ ಅಣ್ಣ, ಇದು ಬೇಡ," ಎಂದು ಎತ್ತಿಕೊಂಡಳು. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

"ನಿಮ್ಮತ್ತೆ ಕೈಯಲ್ಲಿ ಹಾಲು ಒಡೆಯೋದಾ? ಪಾಪ, ವಯಸ್ಸಾಯ್ತು ಬಿಡಿ," ಎಂದ ಟೈಲರ್. ಅವಳು ತಿದ್ದಲಿಲ್ಲ.

ಮೆಟ್ಟಿಲಿಗೆ ಬಂದಾಗಲೇ ಹೊಳೆದದ್ದು: ಟೈಲರ್ ಹೊತ್ತು ಮುಳುಗುವವರೆಗೆ ಕಾಯುವವನು. ಡ್ರೈವರ್ ಮನೆಯಲ್ಲಿ ಉಪವಾಸವಿಲ್ಲ. ಅಲ್ಲಿ ಐದು ವರ್ಷದ ಹುಡುಗಿಯಿದ್ದಾಳೆ.

ಮೂರು ಮಹಡಿಯನ್ನು ಹೇಗೆ ಹತ್ತಿದಳೋ ಅವಳಿಗೇ ತಿಳಿಯದು. ಬಾಗಿಲು ಅರ್ಧ ತೆರೆದಿತ್ತು, ಬಚ್ಚಲಲ್ಲಿ ನೀರು ಬೀಳುವ ಸದ್ದು. ಹುಡುಗಿ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು, ತೊಡೆಯ ಮೇಲೆ ಬಟ್ಟಲು. ಬಟ್ಟಲು ಅರ್ಧ ಖಾಲಿ. ಪಕ್ಕದಲ್ಲಿ ಮಲಗಿಸಿದ್ದ ಗೊಂಬೆಯ ಮುಖದ ಮೇಲೆಲ್ಲ ಹಾಲು, ಕೂದಲಲ್ಲಿ ಶಾವಿಗೆಯ ಎಳೆ.

"ನೀನು ತಿಂದ್ಯಾ ಪುಟ್ಟಿ?"

"ಗೊಂಬೆ ತಿಂತು."

"ನೀನು? ನೀನೆಷ್ಟು ತಿಂದೆ ಹೇಳಮ್ಮ."

ಹುಡುಗಿ ಮೊದಲು ಇಲ್ಲವೆಂದು ತಲೆಯಾಡಿಸಿದಳು. ಆಮೇಲೆ ಹೌದೆಂದು ಆಡಿಸಿದಳು. ಕೆಳತುಟಿಯ ಅಂಚಿನಲ್ಲಿ ಬಿಳಿ ಗೆರೆಯಿತ್ತು.

ತಲೆ ಒರೆಸಿಕೊಳ್ಳುತ್ತ ಹೊರಬಂದ ಡ್ರೈವರನ ಹೆಂಡತಿ, "ಬನ್ನಿ, ಕೂತ್ಕೊಳ್ಳಿ," ಎಂದು ನಕ್ಕಳು. ಹಾಲು ಒಡೆದಿದೆ ಎಂಬ ಮಾತು ಮತ್ತೆ ನಾಲಿಗೆಯ ತುದಿಗೆ ಬಂದಿತ್ತು. ಮಗುವಿನ ತುಟಿ ನೋಡಿ ಅದು ಅಲ್ಲೇ ಒಣಗಿಹೋಯಿತು.

"ಅಕ್ಕಾ, ಅದರಲ್ಲಿ ಜಿರಳೆ ಪುಡಿ ಬಿದ್ದಿದೆ. ಡಬ್ಬಿ ಇಟ್ಟವಳು ನಾನು, ಅತ್ತೆಗೆ ಗೊತ್ತಿಲ್ಲ. ಆಸ್ಪತ್ರೆಗೆ ಹೋಗೋಣ, ಈಗಲೇ."

ಆಟೋ ತಿರುವಿಗೆ ಬರುವಷ್ಟರಲ್ಲಿ ಹುಡುಗಿ ಅಮ್ಮನ ಮಡಿಲಲ್ಲೇ ವಾಂತಿ ಮಾಡಿಕೊಂಡಳು. ಮಸೀದಿಯಿಂದ ಸಂಜೆಯ ಬಾಂಗ್ ಕೇಳಿಸಿತು. ಸೊಸೆಗೆ ಬಾಯಾರಿಕೆಯ ನೆನಪೂ ಆಗಲಿಲ್ಲ. ಆಸ್ಪತ್ರೆಯಲ್ಲಿ ಎರಡು ಗಂಟೆ ಗೋಡೆಗೆ ಒರಗಿ ನಿಂತೇ ಇದ್ದಳು. ಒಳಗಿನಿಂದ ಕೆಮ್ಮಿದ ಸದ್ದಾದರೆ ಬಾಗಿಲಿನತ್ತ ತಿರುಗುತ್ತಿದ್ದಳು, ಸದ್ದು ನಿಂತರೆ ಕಿವಿಗೊಡುತ್ತಿದ್ದಳು. ಡ್ರೈವರನ ಹೆಂಡತಿ ಬೆಂಚಿನ ಮೇಲೆ ಕೂತು ವಾಂತಿಯಾದ ಸೆರಗನ್ನೇ ಉಜ್ಜುತ್ತಿದ್ದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಕೊನೆಗೆ ಡಾಕ್ಟರ್ ಹೊರಬಂದರು. "ಹೊಟ್ಟೆಗೆ ಹೋಗಿದ್ದು ಒಂದೆರಡು ಚಮಚ ಇರಬಹುದು, ಅದೂ ಹೊರಗೆ ಬಂದಿದೆ. ಇವತ್ತೊಂದು ರಾತ್ರಿ ಇಲ್ಲಿರಲಿ. ಭಯ ಇಲ್ಲ."

ಹನ್ನೆರಡು ದಿನ ಕಳೆದು ಹಬ್ಬ ಬಂತು. ಅತ್ತೆ ಒಲೆಯ ಹತ್ತಿರ ಬರಲಿಲ್ಲ. ಸೊಸೆಯೇ ಹಾಲು ಕಾಯಿಸಿದಳು, ಶಾವಿಗೆ ಹುರಿದಳು. ಸಕ್ಕರೆಯನ್ನು ಹಾಕುವ ಮೊದಲು ಮೂರು ಸಲ ನೆಕ್ಕಿ ನೋಡಿದಳು. ಟೈಲರ್‌ಗೆ ನಿಜ ಹೇಳಿ ಬಟ್ಟಲು ಕೊಟ್ಟು ಬಂದಳು. ಇನ್ನೊಂದು ಬಟ್ಟಲು ತುಂಬಿಸಿದ ಮೇಲೆ ಅದನ್ನು ಒಲೆಯ ಪಕ್ಕವೇ ಇಟ್ಟಳು.

"ಹೋಗಿ ಕೊಟ್ಟು ಬಾ," ಎಂದರು ಅತ್ತೆ. "ಇವತ್ತು ಹೋಗದೆ ಇದ್ರೆ ಇನ್ಯಾವತ್ತೂ ಆ ಮೆಟ್ಟಿಲು ಹತ್ತೋಕಾಗಲ್ಲ."

ಡ್ರೈವರನ ಹೆಂಡತಿ ಬಾಗಿಲು ತೆಗೆದಳು. ಅವಳ ಸೆರಗಿನ ಹಿಂದೆ ಹುಡುಗಿ ಇಣುಕುತ್ತಿದ್ದಳು. ತಾಯಿ ಬಟ್ಟಲನ್ನೊಮ್ಮೆ ನೋಡಿದಳು. ಒಳಗೆ ಹೋಗಿ ಒಂದು ಚಮಚ ತಂದು ಸೊಸೆಯತ್ತ ಚಾಚಿದಳು.

"ಮೊದಲು ನೀವು ತಿನ್ನಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

ಸೊಸೆ ಒಂದು ಚಮಚ ತೆಗೆದು ಬಾಯಿಗಿಟ್ಟು ನುಂಗಿದಳು. ಡ್ರೈವರನ ಹೆಂಡತಿ ಅವಳ ಗಂಟಲನ್ನೇ ನೋಡುತ್ತ, ಒಂದು ಕೈಯನ್ನು ಹಿಂದಕ್ಕೆ ಚಾಚಿ, ಮುಂದೆ ಬರುತ್ತಿದ್ದ ಮಗಳನ್ನು ತಡೆದಳು.