ಒಂಬತ್ತು ಪಾಯಿಂಟ್ ಎಂಟು

“ಪೆಟ್ಟಿಗೆ ತೆರೀತಿದ್ದೀಯಾ? ತಲೆ ನೆಟ್ಟಗಿದೆ ತಾನೆ?” ಪಕ್ಕದ ಮೇಜಿನ ಹುಡುಗಿ ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಪುಟ್ಟಿ ಬೆಂಕಿ ಮುಟ್ಟಿದವಳಂತೆ ಕೈ ಹಿಂದೆಗೆದಳು.

ಭೌತಶಾಸ್ತ್ರದ ಪ್ರಾಯೋಗಿಕ ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾಗಿತ್ತು. ಎಂಟು ಮೇಜು, ಎಂಟು ಹುಡುಗಿಯರು, ಎಂಟು ದಾರಗಳ ತುದಿಯಲ್ಲಿ ತೂಗುವ ಎಂಟು ಹಿತ್ತಾಳೆ ಗುಂಡು. ಪ್ರತಿ ಮೇಜಿನ ಮೇಲೂ ಸ್ಟಾಪ್‌ವಾಚಿನ ಮರದ ಪೆಟ್ಟಿಗೆ. ಗುಂಡು ಇಪ್ಪತ್ತು ಸಲ ತೂಗಿ ಬರಲು ಎಷ್ಟು ಸೆಕೆಂಡು ಬೇಕೆಂದು ಅಳೆಯಬೇಕು. ಅದರಿಂದ ಭೂಮಿಯ ಸೆಳೆತ ಎಷ್ಟೆಂದು ಲೆಕ್ಕ ಹಾಕಬೇಕು. ಉತ್ತರ ಒಂಬತ್ತು ಪಾಯಿಂಟ್ ಎಂಟು. ಅದು ಪುಸ್ತಕದಲ್ಲೇ ಇದೆ.

ಪುಸ್ತಕದಲ್ಲೇ ಇದ್ದ ಮೇಲೆ ಅಳೆಯುವ ಉಸಾಬರಿ ಯಾರಿಗೆ ಬೇಕು? ಈ ಲ್ಯಾಬಿನಲ್ಲಿ ಪಾಸಾಗುವ ದಾರಿಯೇ ಬೇರೆ. ಮೂರು ವರ್ಷದ ಹಿಂದೆ ಮೂವತ್ತಕ್ಕೆ ಇಪ್ಪತ್ತೊಂಬತ್ತು ಗಿಟ್ಟಿಸಿದ್ದ ಅಕ್ಕ ಅದನ್ನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಲೇ ಹೇಳಿಕೊಟ್ಟಿದ್ದಳು. “ಉತ್ತರ ಮೊದಲು ಬರಿ ಕಣೇ. ಅಲ್ಲಿಂದ ಲೆಕ್ಕಾನ ಹಿಂದಕ್ಕೆ ನಡೆಸು. ಸೆಕೆಂಡು ತಾನಾಗೇ ಸಿಗುತ್ತೆ. ಪೆಟ್ಟಿಗೆ ಮಾತ್ರ ಮುಟ್ಬೇಡ, ಕೆಟ್ಟುಹೋದ್ರೆ ತಪ್ಪು ನಿನ್ನ ತಲೆಗೆ.”

ಮುಂದಕ್ಕೆ ನಡೆಯುವುದೇ ಕಷ್ಟವಾದವಳು ಹಿಂದಕ್ಕೆ ಹೇಗೆ ನಡೆದಾಳು? ಪುಟ್ಟಿಗೆ ಬೀಜಗಣಿತವೆಂದರೆ ಅಜ್ಜಿಯ ಕಥೆ. ಹೊಳೆ ದಾಟಿದ ರಾಜಕುಮಾರ ಗಿಳಿಯಾಗುತ್ತಾನೆ. ಸಮ ಚಿಹ್ನೆ ದಾಟಿದ ಸಂಖ್ಯೆ ತಲೆಕೆಳಗಾಗುತ್ತದೆ. ಆಮೇಲೆ ಗಿಳಿ ಏನು ತಿಂದಿತು, ಎಲ್ಲಿ ಮಲಗಿತು ಎಂದು ಯೋಚಿಸುತ್ತ ಕೂತರೆ ಲೆಕ್ಕ ಹೊಳೆಯ ಪಾಲು.

ಮೊದಲ ಸಲ ಪರೀಕ್ಷೆಗೆ ಕೂತಾಗ ಎರಡರಿಂದ ಗುಣಿಸುವುದನ್ನೇ ಮರೆತಳು. ಅವಳು ಬರೆದ ಸೆಕೆಂಡಿನಿಂದ ಮುಂದಕ್ಕೆ ಲೆಕ್ಕ ಹಾಕಿದರೆ ಮೂವತ್ತೊಂಬತ್ತು ಬಂತು. “ಭೂಮಿ ಇಷ್ಟು ಎಳೆದ್ರೆ ನೀನು ಕುರ್ಚಿಯಿಂದ ಏಳೋದು ಹೇಗಮ್ಮ?” ಎಂದು ಪರೀಕ್ಷಕರು ನಕ್ಕಿದ್ದರು. ಎರಡನೆಯ ಸಲ ವರ್ಗಮೂಲ ತಪ್ಪಿಸಿಕೊಂಡಿತು. ತೊಂಬತ್ತಾರು. “ಈ ಸಲ ಕುರ್ಚಿನೂ ನೆಲದೊಳಗೆ ಹೋಯ್ತು!”

ಇದು ಮೂರನೆಯ ಸಲ. ನಾಲ್ಕನೆಯದಕ್ಕೆ ಅವಕಾಶವಿಲ್ಲ. ಇಲ್ಲಿ ಪಾಸಾಗದಿದ್ದರೆ ಆಸ್ಪತ್ರೆಯ ಎಕ್ಸ್‌ರೇ ತರಬೇತಿಯ ಸೀಟು ಸೋಮವಾರ ಇನ್ನೊಬ್ಬರದಾಗುತ್ತದೆ. “ಮೂರನೇ ಸಲ ಬಾಗಿಲು ತೆರೆದೇ ತೆರೆಯುತ್ತೆ ಮಗಾ,” ಎಂದಿದ್ದಳು ಅಜ್ಜಿ. ಅಜ್ಜಿಗೆ ವರ್ಗಮೂಲ ಗೊತ್ತಿಲ್ಲ.

ಕಿಟಕಿಯ ಬಳಿ ಪರೀಕ್ಷಕರು ಕಾಲ ಮೇಲೆ ಕಾಲು ಹಾಕಿ ಪತ್ರಿಕೆ ಓದುತ್ತಿದ್ದರು. ನಾಲ್ಕು ವರ್ಷದಿಂದ ಅವರೇ ಬರುವುದು. ‘ಇಷ್ಟು ನಿಖರವಾದ ಲ್ಯಾಬನ್ನು ಬೇರೆಲ್ಲೂ ಕಂಡಿಲ್ಲ’ ಎಂದು ಅವರು ಬರೆದುಕೊಟ್ಟ ಪತ್ರವನ್ನು ಲೆಕ್ಚರರ್ ಮೇಡಂ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಲ್ಯಾಬಿನ ಅಟೆಂಡರ್ ಕಾಫಿ ಲೋಟ ಇಟ್ಟು ಅಲ್ಲೇ ನಿಂತ.

“ಸಾರ್, ಒಂದು ಮಾತು…”

“ಆಮೇಲೆ ಕಣಪ್ಪ.”

“ಹೋದ ವರ್ಷಾನೂ ಆಮೇಲೆ ಅಂದ್ರಿ ಸಾರ್.”

“ಪರೀಕ್ಷೆ ನಡೀತಿದೆ, ಕಾಣಲ್ವಾ?”

ಪಾಪ, ಮಗಳ ಸೀಟಿಗೆ ಶಿಫಾರಸು ಕೇಳುತ್ತಿರಬೇಕು ಎಂದುಕೊಂಡಳು ಪುಟ್ಟಿ. ಇಡೀ ಜಗತ್ತೇ ಒಂದಲ್ಲ ಒಂದು ಸೀಟಿನ ಹಿಂದೆ ಓಡುತ್ತಿದೆ.

ಇನ್ನು ಇಪ್ಪತ್ತೇ ನಿಮಿಷ. ಕರಡು ಹಾಳೆಯಲ್ಲಿ ರಾಜಕುಮಾರ ಮೂರು ಸಲ ಹೊಳೆ ದಾಟಿ ಮೂರು ಸಲವೂ ಮುಳುಗಿದ್ದ. ಸುತ್ತಲೂ ಏಳು ಜನ ತೂಗುವ ಗುಂಡನ್ನು ನೋಡುತ್ತ, ತುಟಿ ಅಲುಗಿಸಿ ಎಣಿಸುವ ನಟನೆ ಮಾಡುತ್ತ, ಒಂಬತ್ತು ಪಾಯಿಂಟ್ ಎಂಟರ ಕಡೆಗೆ ನೆಮ್ಮದಿಯಾಗಿ ಹಿಂದೆ ಹಿಂದೆ ನಡೆಯುತ್ತಿದ್ದರು. ಮೋಸ ಮಾಡಲೂ ಬುದ್ಧಿ ಸಾಲದವಳಿಗೆ ಉಳಿದದ್ದು ಒಂದೇ ದಾರಿ. ಯೋಚಿಸಿದರೇ ಮೈ ನಡುಗುವಂಥ ದಾರಿ.

ಪ್ರಯೋಗವನ್ನೇ ಮಾಡಿಬಿಡುವುದು!

ಪೆಟ್ಟಿಗೆಯ ಮುಚ್ಚಳ ಎತ್ತಿದಳು. ನೋಡಿದಳು. ಮುಚ್ಚಿದಳು.

“ನಿನ್ನ ಪೆಟ್ಟಿಗೆ ಸ್ವಲ್ಪ ಕೊಡೇ,” ಎಂದಳು ಪಕ್ಕದವಳಿಗೆ.

“ಅಯ್ಯೋ, ಮುಟ್ಬೇಡ! ಬೇಕಾದ್ರೆ ನನ್ನ ರೀಡಿಂಗೇ ತಗೋ.”

ತೆಗೆದುಕೊಳ್ಳಬಹುದಿತ್ತು. ಆದರೆ ಅಷ್ಟರಲ್ಲಿ ಮೇಡಂ ಇತ್ತಲೇ ಬಂದರು. ಪುಟ್ಟಿ ಅಳು ನುಂಗಿಕೊಂಡು, ಉತ್ತರದ ಹಾಳೆಯಲ್ಲಿ ಎರಡೇ ಸಾಲು ಗೀಚಿ ಕೊಟ್ಟುಬಿಟ್ಟಳು. ಎಕ್ಸ್‌ರೇ ಸೀಟಿಗೆ ಮನಸ್ಸಿನಲ್ಲೇ ಕೈಮುಗಿದಳು.

ಪರೀಕ್ಷಕರು ಹಾಳೆಗಳನ್ನು ಗಟ್ಟಿಯಾಗಿ ಓದಿದರು. “ಒಂಬತ್ತು ಪಾಯಿಂಟ್ ಎಂಟು. ಭೇಷ್! ಒಂಬತ್ತು ಪಾಯಿಂಟ್ ಎಂಟು ಒಂದು. ಒಂಬತ್ತು ಪಾಯಿಂಟ್ ಏಳು ಒಂಬತ್ತು. ಎಂಥ ಕೈಚಳಕ ಮೇಡಂ, ನಿಮ್ಮ ಮಕ್ಕಳದ್ದು!” ಮೇಡಂ ಒಂದೊಂದು ಹಾಳೆಗೂ ಒಂದೊಂದು ಅಂಗುಲ ಎತ್ತರವಾದರು.

ಎಂಟನೆಯ ಹಾಳೆಗೆ ದನಿ ನಿಂತಿತು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

“ಅದು ಎರಡು ಸಲ ಫೇಲಾದ ಹುಡುಗಿ ಸರ್, ಬಿಟ್ಟುಬಿಡಿ,” ಎಂದರು ಮೇಡಂ.

ಪರೀಕ್ಷಕರು ಬಿಡಲಿಲ್ಲ. ಎದ್ದು ಹೋಗಿ ಮೊದಲ ಮೇಜಿನ ಪೆಟ್ಟಿಗೆ ತೆರೆದರು. ಎರಡನೆಯದು, ಮೂರನೆಯದು. ಎಂಟನೆಯ ಮುಚ್ಚಳ ಬೀಳುವ ಹೊತ್ತಿಗೆ ಏಳು ಹುಡುಗಿಯರೂ ಸೂರಿನಲ್ಲಿ ಏನನ್ನೋ ಹುಡುಕುತ್ತಿದ್ದರು. ಪರೀಕ್ಷಕರು ಪುಟ್ಟಿಯ ಹಾಳೆಯನ್ನು ಎತ್ತಿ ಹಿಡಿದು ಗುಡುಗಿದರು: “‘ಪೆಟ್ಟಿಗೆ ಖಾಲಿ ಇದೆ. ಸ್ಟಾಪ್‌ವಾಚ್ ಕೊಟ್ಟರೆ ಪ್ರಯೋಗ ಮಾಡುತ್ತೇನೆ.’ ಇವಳೊಬ್ಬಳೇ ಪಾಸ್! ಉಳಿದ ಏಳೂ ಜನ ಫೇಲ್!”

ಮೂವತ್ತಕ್ಕೆ ಮೂವತ್ತು ಹಾಕಿ, ಹಾಳೆ ಹರಿಯುವಷ್ಟು ಒತ್ತಿ ಸಹಿ ಮಾಡಿದರು. ಆಮೇಲೆ ಅಟೆಂಡರನ ಕಡೆ ಬೆರಳು ಚಾಚಿದರು. “ಎಂಟೂ ಸ್ಟಾಪ್‌ವಾಚ್ ಹೊಡೆದುಕೊಂಡು ಹೋದ ಕಳ್ಳ ಯಾರು? ಬೊಗಳು! ಅವನನ್ನ ಜೈಲಿಗೆ ಕಳಿಸದೆ ನಾನು ಇಲ್ಲಿಂದ ಕದಲಲ್ಲ!”

ಅಟೆಂಡರ್ ತಲೆ ಕೆರೆದುಕೊಂಡು ಮೆಲ್ಲಗೆ ಹೇಳಿದ: “ಅದನ್ನೇ ಕೇಳೋಣ ಅಂತಿದ್ದೆ ಸಾರ್… ನಾಲ್ಕು ವರ್ಷದ ಹಿಂದೆ ರಿಪೇರಿ ಮಾಡಿಸ್ತೀನಿ ಅಂತ ಚೀಲಕ್ಕೆ ತುಂಬ್ಕೊಂಡು ಹೋದೋರು ನೀವೇ ಅಲ್ವಾ?”