ಬಂಡೆಯಿಂದ ನೆಗೆದ ಗಂಡು

“ಆ ನೆಗೆಯೋ ಸೀನು ಮಾತ್ರ ಹಳೇದೇ ಇರ್ಲಿ ಬುಡಪ್ಪ,” ಎಂದು ಮುನಿಕೃಷ್ಣ ಮತ್ತೊಮ್ಮೆ ಹೇಳಿದಾಗ ಭಾಗ್ಯಮ್ಮನ ಕಿವಿ ನೆಟ್ಟಗಾಯಿತು. ವೈಟ್‌ಫೀಲ್ಡಿನ ಸಿನಿಮಾ ಕಂಪನಿಯೊಂದರ ಪುಟ್ಟ ಥಿಯೇಟರಿನಲ್ಲಿ ಇದ್ದವರು ಮೂವರೇ. ಗಂಡ, ಹೆಂಡತಿ, ಮತ್ತು ಮಹದೇವಪುರದಲ್ಲಿ ಅವರ ಮಹಡಿ ಮೇಲೆ ಬಾಡಿಗೆಗಿರುವ ದಾವಣಗೆರೆಯ ಸಿದ್ದಾರ್ಥ್. ಹಳೆಯ ಸಿನಿಮಾಗಳನ್ನು ಮತ್ತೆ ಬಿಡುಗಡೆಗೆ ಸಿದ್ಧಮಾಡುವುದು ಅವನ ಕೆಲಸ. ಹಳೆಯ ರೀತಿ, ಹೊಸ ರೀತಿ ಎರಡನ್ನೂ ತೋರಿಸಿ, ಯಾವುದು ಥಿಯೇಟರಿಗೆ ಹೋಗಬೇಕೆಂದು ಆ ಕಾಲದವರನ್ನೇ ಕೇಳೋಣವೆಂದು ಕರೆತಂದಿದ್ದ.

“ಯಾಕೆ ಅಂಕಲ್? ಆಗ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡ್ತಿದ್ವು. ಜೋರಾಗಿ ಏನಾದ್ರೂ ಅಲ್ಲಾಡಿದ್ರೆ ಮಸುಕಾಗ್ತಿತ್ತು. ಈಗ ಒಂದೊಂದರ ಮಧ್ಯೆ ಇನ್ನೊಂದು ಸೇರಿಸಿ ನಲವತ್ತೆಂಟು ಮಾಡಿ, ಮಸುಕನ್ನೂ ತಿದ್ದಿದ್ದೀವಿ. ಎಲ್ಲಾ ಕಣ್ಣೆದುರೇ ನಡೆದಂಗೆ ಕಾಣುತ್ತೆ.”

“ಕಣ್ಣೆದುರು ನಡೆಯೋದು ನೋಡಾಕೆ ರಿಂಗ್ ರೋಡಲ್ಲಿ ನಿಂತ್ಕಂಡ್ರೆ ಸಾಕು. ಸಿನಿಮಾ ಅಂದ್ಮೇಲೆ ವಸಿ ಮಸುಕು ಇರ್ಬೇಕು ಕಣಪ್ಪ.”

ಭಾಗ್ಯಮ್ಮ ಗಂಡನನ್ನು ಓರೆಗಣ್ಣಿನಿಂದ ನೋಡಿದಳು. ಈ ಸಿನಿಮಾದ ಶೂಟಿಂಗ್ ನಡೆದದ್ದು ಅವರೂರಾಚೆಯ ಕಲ್ಲುಕ್ವಾರಿಯ ಹೊಂಡದಲ್ಲಿ. ಈಗ ಅಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ. ಹೀರೋ ಬಂಡೆ ಹತ್ತಿ ಹೆದರಿ ಇಳಿದನಂತೆ, ಅವನ ಬದಲು ಡೂಪ್ ಆಗಿ ನೆಗೆದದ್ದು ತಾನೇ ಅಂತೆ. ಮುನಿಕೃಷ್ಣ ಸಾರಿಕೊಂಡು ಬಂದ ಈ ಮಾತಿಗೆ ಮರುಳಾಗಿಯೇ ಅವಳಪ್ಪ ‘ಬಂಡೆಯಿಂದ ನೆಗೆದ ಗಂಡು’ ಎಂದು ಮಗಳನ್ನು ಕೊಟ್ಟದ್ದು. ಮದುವೆಯಾದ ಮೇಲೆ ಅವಳು ಕಂಡದ್ದೇ ಬೇರೆ. ತಲೆ ಮೇಲೆ ಒಂದು ಚೊಂಬು ನೀರು ಸುರಿದರೆ ಸಾಕು, ಕಣ್ಣು ಮುಚ್ಚಿ ಮೂಗು ಹಿಡಿದುಕೊಳ್ಳುವವನು. ಡಾಕ್ಟರು ಸೂಜಿ ತೆಗೆದರೂ ಮೂಗಿಗೇ ಕೈ. ಇವನು ಬಂಡೆಯಿಂದ ನೆಗೆಯುವುದೇ? ಅದೂ ಸಾಲದೆಂಬಂತೆ, ಯಾರಿಗೂ ಒಂದು ಲೋಟ ಮಜ್ಜಿಗೆ ಎತ್ತಿ ಕೊಡದ ಮನುಷ್ಯ ಮೊನ್ನೆ ಅವರೆಕಾಳು ಸಾರಿನ ಡಬ್ಬಿ ಹಿಡಿದು ಮಹಡಿ ಹತ್ತಿದ್ದ. ಅವಳು ಬಟ್ಟೆ ಒಣಗಿಸಲು ಹೋದಾಗ ಟ್ಯಾಂಕಿನ ಹಿಂದೆ ಇಬ್ಬರೂ ಪಿಸಪಿಸ ಎನ್ನುತ್ತಿದ್ದರು. ಅವಳನ್ನು ಕಂಡದ್ದೇ ತಡ, ಬಾಯಿ ಮುಚ್ಚಿದರು.

ಮೊದಲು ಹಳೆಯದು ಓಡಿತು. ಹೀರೋ ಬಂಡೆ ಮೇಲೆ ನಿಂತು ಮೀಸೆ ತಿರುವಿದ. ಮರುಕ್ಷಣ ದೂರದಲ್ಲಿ ಬಿಳಿಯದೊಂದು ಸರ್ರನೆ ಕೆಳಗಿಳಿದು ನೀರು ಚಿಮ್ಮಿತು.

“ನೋಡ್ದಾ?” ಎಂದ ಮುನಿಕೃಷ್ಣ.

“ಏನ್ ನೋಡೋದು? ಹುಲ್ಲಿನ ಬೊಂಬೆಗೆ ಶರ್ಟು ಹಾಕಿ ಎಸೆದಿದ್ರೂ ಇಂಗೇ ಕಾಣೋದು. ಹೊಸದು ಹಾಕಪ್ಪ, ಸಿದ್ದಾರ್ಥ.”

ಹೊಸದು ಶುರುವಾಯಿತು. ಮದುವೆ ವಿಡಿಯೋದಷ್ಟು ನಿಚ್ಚಳ. ಬಂಡೆಯ ಬಿರುಕೂ ಕಾಣುತ್ತಿತ್ತು. ನೆಗೆದವನ ಮಡಚಿದ ಮೊಣಕಾಲು, ಗಾಳಿಗೆ ಉಬ್ಬಿದ ಶರ್ಟು, ಬಿಗಿಯಾಗಿ ಮುಚ್ಚಿದ ಕಣ್ಣು. ಜೊತೆಗೆ, ಎಡಗೈಯಲ್ಲಿ ಭದ್ರವಾಗಿ ಹಿಡಿದ ಮೂಗು. ವೈರಿಗಳನ್ನು ಚೆಂಡಾಡಲು ಹೊರಟ ಶೂರ, ಬಾವಿಗೆ ಬೀಳುವ ಹುಡುಗನ ಹಾಗೆ ಮೂಗು ಹಿಡಿದುಕೊಂಡು ನೀರಿಗೆ ಬಿದ್ದ. ಸಿದ್ದಾರ್ಥ್‌ಗೆ ನಗು ತಡೆಯಲಾಗಲಿಲ್ಲ. ಚಿತ್ರವನ್ನು ಹಿಂದಕ್ಕೆ ಓಡಿಸಿ, ಅಲ್ಲೇ ನಿಲ್ಲಿಸಿದ.

ಭಾಗ್ಯಮ್ಮ ನಗಲಿಲ್ಲ. “ನೀವೇ,” ಎಂದಳು. ದನಿ ಸಣ್ಣಗಾಗಿತ್ತು. “ದಿಟವಾಗ್ಲೂ ನೀವೇ ಕಣ್ರೀ.”

ಮುನಿಕೃಷ್ಣ ಕುರ್ಚಿಯಲ್ಲಿ ಕುಗ್ಗಿದ. “ಡೈರೆಕ್ಟ್ರು ಅವತ್ತೇ ಉಗಿದಿದ್ರು, ಹೀರೋ ಮೂಗು ಇಡ್ಕತಾನೇನಲೇ ಅಂತ. ಆಮೇಲೆ ಇದೆಲ್ಲಿ ಕಂಡೀತು ಬುಡು ಅಂದ್ರು. ಈಗ ಥಿಯೇಟರಿಗೆ ಬಂದ್ರೆ ಊರೆಲ್ಲಾ ನನ್ನ ನೋಡಿ ನಗಲ್ವಾ?”

“ಅಷ್ಟೇನಾ ಅಂಕಲ್?” ಸಿದ್ದಾರ್ಥ್ ಸಮಾಧಾನ ಹೇಳಿದ. “ಮಧ್ಯದಲ್ಲಿ ಸೇರಿಸಿದ ಚಿತ್ರಗಳೆಲ್ಲಾ ಹೆಂಗೂ ಕಂಪ್ಯೂಟರ್ ಊಹೆ ಮಾಡಿ ಬರೆದಿದ್ದೇ. ಈ ಕೈನೂ ಅಳಿಸಿ ಪಕ್ಕಕ್ಕೆ ಇಟ್ಬಿಡೋಣ. ಯಾರಿಗೂ ಗೊತ್ತಾಗಲ್ಲ.”

ಮುನಿಕೃಷ್ಣನ ಮುಖ ಅರಳಿತು. “ಅಂಗೇ ಮಾಡ್ಬುಡಪ್ಪ, ಪುಣ್ಯ ಬತ್ತದೆ.”

“ಬ್ಯಾಡ,” ಎಂದಳು ಭಾಗ್ಯಮ್ಮ. “ನಗೋರು ನಗ್ಲಿ. ಇಷ್ಟು ವರ್ಷಕ್ಕೆ ನನ್ನ ಕಣ್ಣಿಗೆ ಬಿದ್ದಿರೋ ಸಾಕ್ಷಿ ಅದೊಂದೇ. ಆ ಕೈ ಅಲ್ಲೇ...”

ಮಾತು ಅರ್ಧಕ್ಕೇ ನಿಂತಿತು. ಅವಳು ಪರದೆ ನೋಡಿದಳು, ಸಿದ್ದಾರ್ಥ್‌ನನ್ನು ನೋಡಿದಳು, ಗಂಡನನ್ನು ನೋಡಿದಳು.

“ಅಲ್ಲಪ್ಪ, ಕೈ ತೆಗೆಯಾಕೆ ಬತ್ತದೆ ಅಂದ್ರೆ, ಇಡಾಕೂ ಬತ್ತದೆ ಅಲ್ವಾ?”

ಸಿದ್ದಾರ್ಥ್‌ನ ನಗು ನಿಂತಿತು. “ಬರುತ್ತೆ ಆಂಟಿ, ಆದ್ರೆ ನಾವು...”

“ನೀನು ಸುಮ್ಕಿರು.” ಭಾಗ್ಯಮ್ಮ ಗಂಡನ ಕಡೆಗೆ ಪೂರ್ತಿ ತಿರುಗಿ ಕೂತಳು. “ಮೊನ್ನೆ ಸಾರಿನ ಡಬ್ಬಿ ಯಾಕೆ ಎತ್ಕಂಡೋಗಿದ್ರಿ?”

ಪರದೆಯ ಮೇಲೆ ನೆಗೆದವನು ಬಂಡೆಗೂ ನೀರಿಗೂ ನಡುವೆ ಹಾಗೇ ನಿಂತಿದ್ದ. ಈಚೆ ಕುರ್ಚಿಯಲ್ಲಿ ಮುನಿಕೃಷ್ಣ ಹೆಂಡತಿಯ ಮುಖ ನೋಡಿದ. ಅವನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡವು. ಅವನಿಗೇ ತಿಳಿಯದಂತೆ ಎಡಗೈ ಮೇಲೆದ್ದು ಮೂಗು ಹಿಡಿದುಕೊಂಡಿತು.