ವಾಲಿದ ಚಿಮಣಿ

"ಇದೇನ್ರೀ ನಂಜಣ್ಣ, ನನ್ನ ಮಿಲ್ಲಿನ ಚಿಮ್ನಿ ಹಿಂದಕ್ಕೆ ಬೀಳ್ತಾ ಅದೆ?" ಅಕ್ಕಿ ಗಿರಣಿಯ ಚಲುವಯ್ಯ ಫೋಟೋವನ್ನು ಸ್ಟುಡಿಯೋದ ಮೇಜಿನ ಮೇಲಿಟ್ಟರು. "ಎಪ್ಪತ್ನಾಲ್ಕರ ಕ್ಯಾಲೆಂಡರಿಗೆ ಇದನ್ನ ಆಕ್ಸುದ್ರೆ ಕೆ.ಆರ್. ನಗರದೋರೆಲ್ಲ ನಗ್ತಾರೆ. ನಿಮ್ಮ ಕೈಲಿ ಆಗದಿದ್ರೆ ಏಳ್ಬುಡಿ, ಮೈಸೂರಿಂದ ಯಾರನ್ನಾದ್ರೂ ಕರುಸ್ಕೊತೀನಿ."

ತಪ್ಪು ಚಿಮಣಿಯದಲ್ಲ ಎಂದು ನಂಜಣ್ಣನಿಗೆ ಗೊತ್ತಿತ್ತು. ಎತ್ತರದ್ದನ್ನು ಹಿಡಿಯಲು ಕ್ಯಾಮೆರಾದ ಮುಖವನ್ನು ಮೇಲಕ್ಕೆತ್ತಿದರೆ ಯಾವ ಕಟ್ಟಡವೂ ಹೀಗೆ ವಾಲುತ್ತದೆ. ಕ್ಯಾಮೆರಾ ನೆಟ್ಟಗೇ ಇರಬೇಕು, ಲೆನ್ಸಷ್ಟೇ ಮೇಲಕ್ಕೆ ಜರುಗಬೇಕು. ಅವನ ಕ್ಯಾಮೆರಾದಲ್ಲಿ ಅದು ಆಗದ ಮಾತು. ಮರುದಿನವೇ ಮೈಸೂರಿನ ಬಸ್ಸು ಹತ್ತಿದ. ಪರಿಚಯದ ಕ್ಯಾಮೆರಾ ಅಂಗಡಿಯವರು ಲೆನ್ಸು ಜರುಗುವಂಥ ಎರಡು ಬಗೆಯದನ್ನು ಕೊಟ್ಟು, ನೋಡಿ ಒಂದನ್ನು ಇಟ್ಟುಕೊಳ್ಳಲು ಹೇಳಿದರು. ಒಂದು, ತಿರುಪು ತಿರುಗಿಸಿದರೆ ಮೇಲೆ ಜರುಗುವ ಜಪಾನಿನ ಲೆನ್ಸು. ಅದು ನಂಜಣ್ಣನ ಕ್ಯಾಮೆರಾಕ್ಕೆ ಕೂರದು. ಅದು ಬೇಕೆಂದರೆ ತನ್ನ ಹಳೆಯದನ್ನು ಕೊಟ್ಟು, ಲೆನ್ಸಿನ ಜೊತೆಗೇ ಕಳಿಸಿದ ಪುಟ್ಟ ಕ್ಯಾಮೆರಾವನ್ನೂ ತೆಗೆದುಕೊಳ್ಳಬೇಕು. ಇನ್ನೊಂದು ಮರದ ಕ್ಯಾಮೆರಾ, ಲೆನ್ಸು ಕೂರಿಸಿದ ಮುಂದಿನ ಹಲಗೆಯೇ ಮೇಲೇರುವಂಥದ್ದು. ಮುಕ್ಕಾಲಿ, ಕಪ್ಪು ಬಟ್ಟೆ, ಫೋಟೋ ಮೂಡುವ ಪ್ಲೇಟುಗಳ ಪೆಟ್ಟಿಗೆ ಎಲ್ಲ ಸೇರಿ ಒಬ್ಬ ಹೊರುವ ಹೊರೆಯಲ್ಲ.

ಎರಡನ್ನೂ ಕೂಲಿಯವನಿಂದ ಬಸ್ಸಿಗೇರಿಸಿಕೊಂಡು ಬರುವಾಗ, ಪುಟ್ಟದನ್ನೇ ಇಟ್ಟುಕೊಳ್ಳುವುದೆಂದು ದಾರಿಯಲ್ಲೇ ತೀರ್ಮಾನಿಸಿದ್ದ. ಆದರೂ ಎರಡನ್ನೂ ನೋಡಿಬಿಡೋಣವೆಂದು ಹೆಂಡತಿ ಸುನಂದಮ್ಮನನ್ನು ಕರೆದ. ಅವಳು ಸ್ಟುಡಿಯೋದ ಕತ್ತಲೆಕೋಣೆಯಲ್ಲಿ ಫೋಟೋ ತೊಳೆದವಳೇ ಹೊರತು, ತೆಗೆಯುವಲ್ಲಿಗೆ ಎಂದೂ ಹೋದವಳಲ್ಲ.

"ನಾನ್ಯಾಕ್ರೀ? ಅತ್ತೆ ಏನಂತಾರೋ."

"ಪೆಟ್ಟಿಗೆ ಎತ್ಕೊಡಕೆ ಜನ ಬೇಕು ಕಣೆ."

"ಓಗ್ಬಾ ಬುಡವ್ವ, ಮುದ್ದೆ ನಾನೇ ತಿರುವ್ತೀನಿ," ಎಂದರು ಒಳಗಿನಿಂದ ಅತ್ತೆ ಪುಟ್ಟತಾಯಮ್ಮ.

ಗಿರಣಿಯ ಮುಂದೆ ನಂಜಣ್ಣ ಮೊದಲು ಪುಟ್ಟದನ್ನು ಕೈಗೆತ್ತಿಕೊಂಡ. ತಿರುಪು ತಿರುಗಿಸಿದ, ಚಿಮಣಿ ನೆಟ್ಟಗೆ ನಿಂತಿತು, ಅಷ್ಟೇ ಕೆಲಸ. ಸುನಂದಮ್ಮ ಕೈಕಟ್ಟಿಕೊಂಡು ಪಕ್ಕದಲ್ಲಿ ನಿಂತಿದ್ದಳು. ಆಮೇಲೆ ಇಬ್ಬರೂ ಸೇರಿ ಮರದ್ದನ್ನು ಮುಕ್ಕಾಲಿಗೆ ಏರಿಸಿದರು. ಅವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ, ಹಿಂಬದಿಯ ಗಾಜಿನಲ್ಲಿ ಮೂಡಿದ್ದನ್ನು ನೋಡುತ್ತ ಹಲಗೆಯನ್ನು ಮೇಲಕ್ಕೆ ಸರಿಸಿ, "ನೋಡು ಬಾ" ಎಂದ. ಅವಳು ಅತ್ತಿತ್ತ ನೋಡಿ, ಸೆರಗು ಸಿಕ್ಕಿಸಿಕೊಂಡು ಬಟ್ಟೆಯೊಳಗೆ ಅವನ ಪಕ್ಕಕ್ಕೆ ನುಗ್ಗಿದಳು.

"ಅಯ್ಯೋ, ಮಿಲ್ಲು ತಲೆಕೆಳಗಾಗಿ ನಿಂತದಲ್ರೀ."

"ಗಾಜಿನ ಮೇಲೆ ಅದು ಅಂಗೇ ಕಣೆ. ಚಿಮ್ನಿ ನೋಡು."

"ನೆಟ್ಟಗದೆ. ರೀ, ಒಬ್ಬ ಆಳು ಭತ್ತದ ಮೂಟೆ ಹೊತ್ಕೊಂಡು, ಸೂರಲ್ಲಿ ಹಲ್ಲಿ ನಡೆದಂಗೆ ನಡೀತಾವ್ನೆ."

ಅವಳು ನಗತೊಡಗಿದಳು. ತಡೆದಷ್ಟೂ ನಗು ಉಕ್ಕಿತು. ಆ ಕತ್ತಲಲ್ಲಿ ಗಾಜಿನ ಬೆಳಕಷ್ಟೇ ಅವಳ ಮುಖದ ಮೇಲೆ. ಹಗಲೆಲ್ಲ ಅವನು ಗಿರಾಕಿಗಳ ಮುಂದೆ, ಅವಳು ಕತ್ತಲೆಕೋಣೆಯಲ್ಲಿ. ಮನೆಗೆ ಹೋದರೆ ಅವ್ವ, ಬಂದುಹೋಗುವ ನೆಂಟರು. ಹೆಂಡತಿ ನಗುವುದನ್ನು ಇಷ್ಟು ಹತ್ತಿರದಿಂದ ನೋಡಿ ಎಷ್ಟು ಕಾಲವಾಯಿತೆಂದು ನಂಜಣ್ಣನಿಗೆ ನೆನಪಾಗಲಿಲ್ಲ.

"ಯಾವುದನ್ನ ಇಟ್ಕೊತೀರಿ?" ಕಣ್ಣು ಒರೆಸಿಕೊಂಡು ಕೇಳಿದಳು.

"ಇದನ್ನೆ."

"ಇಷ್ಟು ಭಾರದ್ದನ್ನ ಒಬ್ರೆ ಎಂಗೆ ಹೊರ್ತೀರಿ?"

"ಒಬ್ಬನೆ ಹೊರ್ತೀನಿ ಅಂತ ಯಾರಂದ್ರು?"

ಗಿರಣಿಯ ಜಗಲಿಯಿಂದ ಚಲುವಯ್ಯ ಕೂಗಿ ಕೇಳಿದರು: "ಏನ್ರೀ ನಂಜಣ್ಣ, ಆಯ್ತೇನ್ರೀ?"

ಕಪ್ಪು ಬಟ್ಟೆ ಅಲುಗಿತು. ಅದರ ಕೆಳಗೆ ಎರಡು ಜೊತೆ ಪಾದಗಳಷ್ಟೇ ಕಾಣುತ್ತಿದ್ದವು. ಕಾಲುಂಗುರದ ಪಾದಗಳು ಚಪ್ಪಲಿ ಬಿಟ್ಟು, ತುದಿಬೆರಳಲ್ಲಿ ನಿಂತಿದ್ದವು.